ಹೊಳೆಯಾಚೆಯ ಮದುವೆ, ಹೊಳೆಯೀಚೆಯ ಸೋಡಚೀಟಿ

"ನಾನು ಕೊಟ್ಟ ತೀರ್ಪನ್ನು ತಿರುಗಿಸುವ ಗಂಡು ಈ ರಾಜ್ಯದಲ್ಲಿ ಇನ್ನೂ ಹುಟ್ಟಿಲ್ಲ!" ಎಂದು ಬಿಳಿಗಲ್ಲು ಸಂಸ್ಥಾನದ ನ್ಯಾಯಾಧಿಕಾರಿ ಶೇಷಾಚಲಯ್ಯನವರು ತುಂಬಿದ ಸಭೆಯಲ್ಲಿ ಮೀಸೆ ನೀವಿಕೊಂಡರು.

ಎದುರಿಗೆ ಬೊಮ್ಮವ್ವ ನಿಂತಿದ್ದಳು. ತಲೆ ತುಂಬ ಹೆಂಚಿನ ಧೂಳು, ಮೊಣಕೈ ತರಚಿತ್ತು. ಅವಳ ಗಂಡ ಕೆಂಚರಾಯ ಕೋಳಿ ಅಂಕಕ್ಕೆ ಹೋಗುವಾಗಲೆಲ್ಲ ಹೆಂಡತಿಯನ್ನು ಒಳಗೆ ಕೂಡಿ ಹೊರಗಿನಿಂದ ಬೀಗ ಜಡಿಯುತ್ತಿದ್ದ. ಈ ಸಲ ಎರಡು ದಿನವಾದರೂ ಪತ್ತೆಯಿಲ್ಲ. ಕೊನೆಗೆ ಅವಳೇ ಅಟ್ಟ ಹತ್ತಿ, ಹೆಂಚು ಸರಿಸಿ, ಮಾಡಿನಿಂದ ಧುಮುಕಿ ನೇರ ಅರಮನೆಗೆ ಬಂದಿದ್ದಳು.

"ನನಗೆ ಈ ಗಂಡ ಬೇಡ ಬುದ್ಧಿ. ಬಿಡುಗಡೆ ಮಾಡಿ ಸೋಡಚೀಟಿ ಕೊಡಿಸಿ."

"ಮದುವೆ ಎಲ್ಲಾಯಿತು?" ಎಂದು ಶೇಷಾಚಲಯ್ಯ ಕೇಳಿದರು.

"ಹೊಳೆಯಾಚೆ, ಕರಿಗಲ್ಲಿನಲ್ಲಿ."

"ಅದು ಬೇರೆ ರಾಜ್ಯ. ಅಲ್ಲಿ ಬಿಗಿದ ಗಂಟಿಗೆ ನಾವು ಕೈ ಹಾಕುವುದಿಲ್ಲ. ಅಲ್ಲಿಗೇ ಹೋಗು."

"ಹೋದ ತಿಂಗಳು ಹೋಗಿದ್ದೆ ಬುದ್ಧಿ. ನೀನೀಗ ಬಿಳಿಗಲ್ಲಿನವಳು, ಅಲ್ಲೇ ಕೇಳಿಕೋ ಅಂದರು. ಹಾಗಾದರೆ ಹೊಳೆ ಮಧ್ಯೆ ದೋಣಿಯಲ್ಲಿ ಕೂತು ಕೇಳಲಾ?"

ಸಭೆ ಕಿಸಕ್ಕೆಂದಿತು. ನ್ಯಾಯಾಧಿಕಾರಿಗಳ ಮುಖ ಕೆಂಪೇರಿತು. "ಬರಕೊಳ್ಳಯ್ಯ," ಎಂದು ಕರಣಿಕನಿಗೆ ಅಬ್ಬರಿಸಿದರು. "ಆಚೆ ದಡದಲ್ಲಿ ಪಡೆದದ್ದು ಯಾವುದೇ ಇರಲಿ, ಅದನ್ನು ಈಚೆ ದಡದಲ್ಲಿ ಬಿಡುವ ಹಾಗಿಲ್ಲ!"

ಅರಸ ದೊಡ್ಡಮಾರನಾಯಕನಿಗೆ ಈ ತೀರ್ಪು ಗಂಟಲಲ್ಲಿ ಇಳಿಯಲಿಲ್ಲ. ಆದರೆ ಬೇಡವೆಂದರೆ ಶೇಷಾಚಲಯ್ಯನವರು ಊಟದ ಹೊತ್ತಿನವರೆಗೂ ಶ್ಲೋಕ ಹೇಳುತ್ತಾರೆಂಬ ಹೆದರಿಕೆ. ಸುಮ್ಮನೆ ಮುದ್ರೆ ಒತ್ತಿದ.

ಪಕ್ಕದಲ್ಲಿ ಅರಸನಿಗೆ ವೀಳ್ಯದೆಲೆ ಮಡಿಚುತ್ತಿದ್ದ ಸಿಂಗಣ್ಣ ಮೆಲ್ಲಗೆ ಅಂದ: "ಪ್ರಭು, ಮೂರು ದಿನ ಈಕೆ ರಾಣಿವಾಸದಲ್ಲಿರಲಿ. ಮೂರನೆಯ ಸಂಜೆ ತಾವು ತಂಗಾಳಿಗೆಂದು ದೋಣಿಗಟ್ಟೆಗೆ ಬರಬೇಕು. ಕರಣಿಕರೂ ಬರಲಿ."

ಅರಸ ಹೂಂ ಎಂದ. ಸಿಂಗಣ್ಣ ಏನೋ ಹೂಡುತ್ತಿದ್ದಾನೆ ಎಂದು ಅವನಿಗೆ ಗೊತ್ತಾಗಿತ್ತು.

ಮಾರನೆಯ ದಿನ ಸಿಂಗಣ್ಣ ಶೇಷಾಚಲಯ್ಯನವರ ಮನೆಗೆ ಹೋಗಿ ಕೈಮುಗಿದ. "ಸ್ವಾಮಿ, ನಾಳೆ ಕರಿಗಲ್ಲಿನಲ್ಲಿ ನನ್ನ ತಂಗಿಯ ಮಗುವಿಗೆ ನಾಮಕರಣ. ಹಲಸಿನ ಹಣ್ಣಿನ ಕಡುಬು ಮಾಡಿಸುತ್ತಿದ್ದೇವೆ. ತಮ್ಮಂಥವರು ಬಂದರೆ ಮಗುವಿಗೆ ಬುದ್ಧಿ ಬಂದೀತು."

ಮಗುವಿನ ಬುದ್ಧಿಗಿಂತ ಕಡುಬಿನ ಸುದ್ದಿ ನ್ಯಾಯಾಧಿಕಾರಿಗಳನ್ನು ಹೊಳೆ ದಾಟಿಸಿತು. ಎಲೆಯ ಮುಂದೆ ಕೂತವರು ಹದಿನಾರು ಕಡುಬಿನವರೆಗೆ ಏಳಲಿಲ್ಲ. ಮೇಲೆ ತುಪ್ಪ, ತುಪ್ಪದ ಮೇಲೆ ಹಲಸಿನ ಹಣ್ಣಿನ ತೊಳೆ, ಅದರ ಮೇಲೆ ಒಂದು ಚೊಂಬು ಹಾಲು.

"ಸಾಕು ಸ್ವಾಮಿ," ಎಂದು ಸಿಂಗಣ್ಣನ ತಂಗಿಯೇ ಹೆದರಿದಳು.

"ಬಡಿಸಮ್ಮ, ಸಂಕೋಚ ಬೇಡ," ಎಂದರು ಅವರು.

ಹಿಂತಿರುಗುವ ದೋಣಿ ನಡುಹೊಳೆಗೆ ಬಂದಾಗ ಅವರ ಹೊಟ್ಟೆಯಲ್ಲಿ ಗುಡುಗಿತು. ದಡ ಮುಟ್ಟುವ ಹೊತ್ತಿಗೆ ಹಣೆಯಲ್ಲಿ ಬೆವರು. ದೋಣಿ ನಿಲ್ಲುವ ಮೊದಲೇ ನೀರಿಗೆ ಧುಮುಕಿ, ಪಂಚೆ ಎತ್ತಿ ಹಿಡಿದು ಪೊದೆಯ ಕಡೆ ಓಟ ಕಿತ್ತರು.

ಸಿಂಗಣ್ಣ ಹಿಂದಿನಿಂದ ಶಲ್ಯದ ತುದಿ ಹಿಡಿದ. ಮುಂದೆ ಕಾವಲಿನವರು ಅಡ್ಡ ನಿಂತರು.

"ಬಿಡೋ ಸಿಂಗಣ್ಣ, ಅವಸರವಿದೆ!"

"ಯಾವ ಅವಸರ ಸ್ವಾಮಿ?"

"ಅಯ್ಯೋ, ಹೊಟ್ಟೆಯಲ್ಲಿರುವುದನ್ನು ಬಿಡಬೇಕೋ!"

"ಎಲ್ಲಿ ಪಡೆದದ್ದು?"

"ನಿನ್ನ ತಂಗಿಯ ಮನೆಯಲ್ಲಿ!"

"ಅಂದರೆ ಆಚೆ ದಡದಲ್ಲಿ. ಅಲ್ಲಿ ಪಡೆದದ್ದು ಯಾವುದೇ ಇರಲಿ, ಇಲ್ಲಿ ಬಿಡುವ ಹಾಗಿಲ್ಲ ಅಂತ ತಾವೇ ಬರೆಸಿದ್ದೀರಿ. ಅರಸರ ಮುದ್ರೆಯೂ ಬಿದ್ದಿದೆ."

ಕಟ್ಟೆಯ ಮೇಲೆ ಕೂತಿದ್ದ ಅರಸ ಬೇರೆ ಕಡೆ ಮುಖ ತಿರುಗಿಸಿಕೊಂಡ. ಭುಜ ಮಾತ್ರ ಕುಲುಕುತ್ತಿತ್ತು.

"ಹಾಗಾದರೆ ದೋಣಿ ತಿರುಗಿಸು, ಆಚೆಗೇ ಹೋಗುತ್ತೇನೆ!"

"ಆಚೆಯವರು ಏನನ್ನುತ್ತಾರೆ ಗೊತ್ತಲ್ಲ? ಈ ಹೊಟ್ಟೆ ಈಗ ಬಿಳಿಗಲ್ಲಿನದು, ಅಲ್ಲೇ ನೋಡಿಕೊಳ್ಳಿ ಅನ್ನುತ್ತಾರೆ."

ಶೇಷಾಚಲಯ್ಯನವರು ಒಂದು ಕಾಲಿನ ಮೇಲೆ ನಿಂತರು, ಇನ್ನೊಂದರ ಮೇಲೆ ನಿಂತರು. ಕೊನೆಗೆ ಕಿರುಚಿದರು: "ಎಲ್ಲಿ ನೋವಾಗುತ್ತದೋ ಅಲ್ಲೇ ಬಿಡುಗಡೆ! ಬರಕೊಳ್ಳಯ್ಯ ಕರಣಿಕ, ಹಳೆಯ ತೀರ್ಪು ರದ್ದು!"

ಕರಣಿಕ ಬರೆದ. ಅವರು ಕುಣಿಯುತ್ತಲೇ ರುಜು ಹಾಕಿದರು. ಸಿಂಗಣ್ಣ ಶಲ್ಯ ಬಿಟ್ಟ. ನ್ಯಾಯಾಧಿಕಾರಿಗಳು ಪೊದೆಯಲ್ಲಿ ಮಾಯವಾದರು.

ಮರುದಿನ ಸಭೆಯಲ್ಲಿ ಬೊಮ್ಮವ್ವನ ಕೈಗೆ ಸೋಡಚೀಟಿ ಬಂತು. ಅವಳು ಅದನ್ನು ಎರಡು ಸಲ ಓದಿಸಿ ಕೇಳಿ ಸೆರಗಿಗೆ ಗಂಟು ಹಾಕಿಕೊಂಡಳು. ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ, ಸುದ್ದಿ ಕೇಳಿ ಸಭೆಗೆ ಬಂದು ಕೂತಿದ್ದ ಕೆಂಚರಾಯ ತೊಡೆ ತಟ್ಟಿ ಎದ್ದ. "ಇದು ಬಿಳಿಗಲ್ಲಿನ ಚೀಟಿ. ಕರಿಗಲ್ಲಿನವರು ಇದನ್ನು ಒಪ್ಪುವುದಿಲ್ಲ. ಆಚೆ ದಡದಲ್ಲಿ ಇವಳು ಇವತ್ತಿಗೂ ನನ್ನ ಹೆಂಡತಿ, ನಾನು ಇವಳ ಗಂಡ!"

ಅರಸ ತಬ್ಬಿಬ್ಬಾಗಿ ಸಿಂಗಣ್ಣನ ಕಡೆ ನೋಡಿದ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವನ ಬೆರಳೂ ನಿಂತಿತು.

ಬೊಮ್ಮವ್ವನೇ ಕಣ್ಣೊರೆಸಿಕೊಂಡು ನಕ್ಕಳು.

"ಹೌದು, ಆಚೆ ದಡದಲ್ಲಿ ನೀನೇ ನನ್ನ ಗಂಡ. ಹೋಗು ಮತ್ತೆ, ದೋಣಿ ಕಾಯುತ್ತಿದೆ. ಬೀಗ ಹಾಕುತ್ತಿದ್ದದ್ದನ್ನು ಮರ್ಯಾದೆಗೆ ಅಂಜಿ ತವರಿಗೆ ಇಷ್ಟು ದಿನ ಹೇಳಿರಲಿಲ್ಲ. ಮೊನ್ನೆ ಹೇಳಿ ಕಳಿಸಿದೆ. ಮನೆಯ ಅಳಿಯ ಯಾವಾಗ ಬರುತ್ತಾನೋ ಅಂತ ನನ್ನ ನಾಲ್ಕು ಜನ ಅಣ್ಣಂದಿರು ನಿನ್ನೆಯಿಂದ ಆಚೆ ದಡದಲ್ಲೇ ಕೂತಿದ್ದಾರೆ. ನಾಲ್ವರೂ ಗರಡಿಯವರು."

ತೊಡೆ ತಟ್ಟಿದ ಕೆಂಚರಾಯನ ಕೈ ತಾನಾಗಿ ಮುಗಿಯಿತು.

"ಪ್ರಭು," ಎಂದ ಕ್ಷೀಣವಾಗಿ, "ಆಚೆ ದಡದಲ್ಲೂ ಬಿಟ್ಟೆ ಅಂತ ನಾನೇ ಬರೆದುಕೊಡುತ್ತೇನೆ. ಆದರೆ ಆ ಚೀಟಿ ದಾಟಿಸುವುದಕ್ಕೆ ಬೇರೆ ಯಾರನ್ನಾದರೂ ಕಳಿಸಿ!"