ಭಯ ಅಳೆಯಲು ಹೋದ ವಿದ್ವಾಂಸ

ಮಠದಲ್ಲಿ ಆ ಮಧ್ಯಾಹ್ನ ಒಂದು ಕೊಪ್ಪರಿಗೆ ಅವರೆಕಾಳಿನ ಸಾರು ಹಾಗೆಯೇ ಉಳಿಯಿತು. ಇಂಥದ್ದು ಹಿಂದೆ ನಡೆದ ನೆನಪು ಯಾರಿಗೂ ಇರಲಿಲ್ಲ. ಹಿರಿಯರು ಜಗಲಿಯ ಮೇಲೆ ಸಭೆ ಸೇರಿದರು. ಅಡುಗೆಯ ಗುರುಬಸಮ್ಮ ಸೌಟನ್ನು ಕೆಳಗಿಟ್ಟು, ಇನ್ನು ಅದನ್ನು ಮುಟ್ಟುವುದಿಲ್ಲ ಎಂದಳು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಮಠದಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದ ಮರಿದೇವ ಮರುದಿನ ನಾಡಿನ ಸಂಚಾರಕ್ಕೆ ಹೊರಡುವವನಿದ್ದ. ಪ್ರಜೆಗಳಿಗೆ ಆಳುವವರ ಮೇಲೆ ನಂಬಿಕೆ ಎಷ್ಟಿದೆ ಎಂದು ಕೇಳಿ ತಿಳಿದು, ಅದರ ಮೇಲೊಂದು ಗ್ರಂಥ ಬರೆಯುವುದು ಅವನ ಉದ್ದೇಶ. ಅಭ್ಯಾಸವಾಗಲೆಂದು ಪಂಕ್ತಿಯಲ್ಲಿ ಕೂತವರನ್ನು ಒಂದು ಪ್ರಶ್ನೆ ಕೇಳಿದ್ದ: ‘ಇಂದಿನ ಸಾರು ಹಳಸಿರಬಹುದೆಂಬ ಶಂಕೆ ನಿಮಗೆ ಎಷ್ಟಿದೆ? ಇಲ್ಲ, ಸ್ವಲ್ಪ, ಬಹಳ.’ ಎಲ್ಲರೂ ಬರೀ ಮಜ್ಜಿಗೆ ಅನ್ನ ಉಂಡು ಎದ್ದರು. ಸ್ವಾಮಿಗಳ ಊಟ ಮಾತ್ರ ಅದಕ್ಕೂ ಮೊದಲೇ ಆಗಿತ್ತು.

ಮರಿದೇವ ಸ್ವಾಮಿಗಳ ಬಳಿಗೆ ಬಂದ.

“ಬುದ್ಧಿ, ಸಾರು ಕೆಟ್ಟಿದೆ ಅಂತ ನಾನು ಹೇಳಲೇ ಇಲ್ಲ. ಕೇಳಿದೆ, ಅಷ್ಟೆ. ಕೇಳುವುದರಿಂದ ಏನು ಕೆಡುತ್ತದೆ?”

ಸ್ವಾಮಿಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ನದಿ. ಈಚೆ ದಡದಲ್ಲೊಂದು ರಾಜ್ಯ, ಆಚೆ ದಡದಲ್ಲೊಂದು ರಾಜ್ಯ. ನಡುವೆ ಒಂದು ದೋಣಿ. ಹೆಣ್ಣು ಕೊಡುವುದು, ತರುವುದು ಎಲ್ಲ ಆ ದೋಣಿಯಲ್ಲೇ. ಎರಡು ರಾಜ್ಯಗಳೂ ಎಂದೂ ಜಗಳವಾಡಿರಲಿಲ್ಲ. ಯಾಕೆ ಆಡಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಇದು ಈಚೆ ದಡದ ಒಬ್ಬ ವಿದ್ವಾಂಸನ ನಿದ್ದೆ ಕೆಡಿಸಿತು. ಅವನು ಪ್ರಾಮಾಣಿಕ. ತನ್ನ ಒಬ್ಬಳೇ ಮಗಳನ್ನು ಆಚೆ ದಡಕ್ಕೆ ಕೊಟ್ಟಿದ್ದ. ಕಾರಣ ಗೊತ್ತಿಲ್ಲದ ಶಾಂತಿಯನ್ನು ನಂಬುವುದು ಹೇಗೆ ಎಂದು ಅರಸನನ್ನು ಕೇಳಿದ. ಅರಸನಿಗೂ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಅಧ್ಯಯನ ನಡೆಯಲಿ ಎಂದ.

ವಿದ್ವಾಂಸ ಒಂದೇ ಪ್ರಶ್ನೆ ಸಿದ್ಧಮಾಡಿದ: ‘ಆಚೆ ದಡದವರು ದಂಡೆತ್ತಿ ಬರುತ್ತಾರೆಂಬ ಭಯ ನಿಮಗೆ ಎಷ್ಟಿದೆ? ಇಲ್ಲ, ಸ್ವಲ್ಪ, ಬಹಳ.’ ಎಲ್ಲರನ್ನೂ ಅದೇ ಮಾತಿನಲ್ಲಿ ಕೇಳಬೇಕು. ಅವರು ತಿರುಗಿ ಏನು ಕೇಳಿದರೂ ಉತ್ತರ ಕೊಡಬಾರದು. ಕೇಳುವವನ ಅಭಿಪ್ರಾಯ ತಿಳಿದರೆ ಹೇಳುವವನ ಉತ್ತರ ಕೆಡುತ್ತದೆ. ಇದು ಅವನ ಶಾಸ್ತ್ರದ ನಿಯಮ.

ಮೊದಲ ಮನೆ ಒಬ್ಬ ನೇಕಾರ್ತಿಯದು. ಅವಳು ಮಗ್ಗ ನಿಲ್ಲಿಸಿದಳು.

“ಏನ್ ಸ್ವಾಮಿ, ಬರ್ತಾರಂತಾ?”

“ಅದನ್ನು ನಾನು ಹೇಳುವಂತಿಲ್ಲ.”

“ಹೇಳೋ ಹಾಗಿಲ್ಲ ಅಂದ್ರೆ ಏನೋ ಇದೆ ಅಂತಾಯ್ತು.”

“ನಿಮ್ಮ ಉತ್ತರ ಹೇಳಿ, ತಾಯಿ.”

“ನೀವು ಬಾಗಿಲಿಗೆ ಬರೋ ತನಕ ಇರ್ಲಿಲ್ಲ. ಈಗ ಸ್ವಲ್ಪ ಅಂತ ಬರ್ಕೊಳ್ಳಿ.”

ವಿದ್ವಾಂಸ ‘ಸ್ವಲ್ಪ’ ಎಂದು ಬರೆದುಕೊಂಡ. ಮೊದಲಿನ ಮಾತನ್ನು ಬರೆಯಲು ಜಾಗವಿರಲಿಲ್ಲ.

ಒಂದೇ ದಡ ನೋಡಿದರೆ ಪಕ್ಷಪಾತವಾಗುತ್ತದೆ. ಆದ್ದರಿಂದ ದೋಣಿ ದಾಟಿ ಆಚೆಯವರನ್ನೂ ಕೇಳಿದ. ಅವರೂ ತಿರುಗಿ ಕೇಳಿದರು. ಅವರಿಗೂ ಹೇಳಲಿಲ್ಲ. ಮಗಳು ಕೂಡ ಕೇಳಿದಳು, “ಯಾಕಪ್ಪಾ, ಊರಲ್ಲಿ ಏನಾದರೂ ಸುದ್ದಿಯೇ?” ನಿಯಮವೆಂದರೆ ನಿಯಮ. ಅವಳಿಗೂ ಹೇಳಲಿಲ್ಲ.

ಮರುವರ್ಷ ಮತ್ತೆ ಹೋದ. ನೇಕಾರ್ತಿ ಬಾಗಿಲು ತೆರೆಯದೆ ಕಿಟಕಿಯಿಂದಲೇ ‘ಬಹಳ’ ಎಂದಳು. ಆಚೆಯ ಅರಸ ದೋಣಿ ನಿಲ್ಲುವ ಕಡವಿನಲ್ಲಿ ಕಾವಲು ಗೋಪುರ ಕಟ್ಟಿಸಿದ. ಅದನ್ನು ಕಂಡು ಈಚೆಯ ಅರಸ ಇನ್ನೂ ಎತ್ತರದ್ದು ಕಟ್ಟಿಸಿದ. ವಿದ್ವಾಂಸ ಎರಡೂ ಗೋಪುರಗಳನ್ನು ಗ್ರಂಥದಲ್ಲಿ ಸೇರಿಸಿ, ಜನರ ಭಯ ಆಧಾರವಿಲ್ಲದ್ದಲ್ಲ ಎಂದು ತೋರಿಸಿದ. ಗ್ರಂಥ ದೂರದ ದೇಶಗಳಿಗೆ ಹೋಯಿತು. ಇಷ್ಟು ಮುಂಚೆ ಅಪಾಯ ಕಂಡವರಿಲ್ಲ ಎಂದು ಅಲ್ಲಿನ ಪಂಡಿತರು ಹೊಗಳಿ ಬರೆದರು.

ಅಷ್ಟರಲ್ಲಿ ಮಗಳು ಬಸುರಿಯಾದಳು. ಚೊಚ್ಚಲು. ಹೆರಿಗೆಗೆ ತವರಿಗೆ ಕರೆತರಬೇಕು. ವಿದ್ವಾಂಸ ಮಡಿಲು ತುಂಬುವ ಸಾಮಾನು ಹೊತ್ತು ಕಡವಿಗೆ ಬಂದ. ದೋಣಿಯನ್ನು ದಡಕ್ಕೆಳೆದು ಬೋರಲು ಹಾಕಿದ್ದರು. ಕಾವಲಿನವನು ಅಡ್ಡ ನಿಂತ.

“ದೋಣಿ ಯಾವಾಗ ಬಿಡ್ತೀರಪ್ಪ?”

“ಅದನ್ನ ಹೇಳೋ ಹಾಗಿಲ್ಲ, ಸ್ವಾಮಿ.”

“ಅವರೇನಾದರೂ ದಂಡೆತ್ತಿ ಬರ್ತಿದ್ದಾರೆಯೇ?”

“ಹೇಳೋ ಹಾಗಿಲ್ಲ ಅಂದ್ನಲ್ಲ.” ಕಾವಲಿನವನು ಅವನ ಮುಖ ನೋಡಿದ. “ಯಾಕೆ, ಭಯ ಆಗ್ತಿದೆಯಾ?”

“ಬಹಳ” ಎಂದ ವಿದ್ವಾಂಸ.

ಆಚೆ ದಡಕ್ಕೆ ಒಂದು ಗಾಡಿ ಬಂದು ನಿಂತಿತು. ಅದರಿಂದ ಒಬ್ಬಳು ಮೆಲ್ಲಗೆ ಇಳಿದು ಗಾಡಿಯ ಚಕ್ರ ಹಿಡಿದು ನಿಂತಳು. ವಿದ್ವಾಂಸ ಕೂಗಿದ. ನದಿ ಅಗಲವಾಗಿತ್ತು. ಹೊತ್ತು ಇಳಿಯುವವರೆಗೆ ನಿಂತು ಗಾಡಿ ಹಿಂದಿರುಗಿತು.

ಸ್ವಾಮಿಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು.

ಮರಿದೇವನಿಗೆ ತಡೆಯಲಾಗಲಿಲ್ಲ. “ಯುದ್ಧ ಆಯಿತೇ, ಬುದ್ಧಿ?”

“ಇಲ್ಲ. ಯುದ್ಧ ಮಾಡುವುದಕ್ಕೂ ಇಬ್ಬರಿಗೂ ಭಯ. ದೋಣಿ ಮಾತ್ರ ಮತ್ತೆ ನೀರಿಗಿಳಿಯಲಿಲ್ಲ. ಮೊಮ್ಮಗು ಗಂಡೋ ಹೆಣ್ಣೋ ಎಂದು ವಿದ್ವಾಂಸ ಕಡವಿಗೆ ಬಂದವರನ್ನೆಲ್ಲ ಕೇಳುತ್ತಿದ್ದ. ಯಾರಿಗೂ ಗೊತ್ತಿರಲಿಲ್ಲ.”

“ಆದರೂ ಬುದ್ಧಿ, ಅವನು ಒಂದೂ ಸುಳ್ಳು ಹೇಳಲಿಲ್ಲ. ಅಳತೆ ತಪ್ಪಲಿಲ್ಲ. ಭಯ ಇದ್ದದ್ದಂತೂ ನಿಜವಲ್ಲವೇ?”

ಸ್ವಾಮಿಗಳು ಎದ್ದು ನಿಂತರು.

“ಸಾರು ಚೆನ್ನಾಗಿತ್ತು, ಮರಿದೇವ.”

ಸಂಜೆ ಆ ಸಾರನ್ನು ದನಗಳ ಕಲಗಚ್ಚಿಗೆ ಸುರಿಯಲಾಯಿತು.