ಹಿಮ್ಮಡಿಯ ಉರಿ

ಮುಳ್ಳಿನ ಜೊತೆ ಕೀಟಾಣುಗಳ ದಂಡು ಹಿಮ್ಮಡಿಯೊಳಗೆ ನುಗ್ಗಿತು. ನೋಡನೋಡುತ್ತ ಹಿಮ್ಮಡಿ ಕೆಂಪಾಗಿ ಬಾತು, ಕೆಂಡದಂತೆ ಸುಡತೊಡಗಿತು.

"ಈ ಹಾಳು ಕೀಟಾಣುಗಳು ನನಗೆ ಬೆಂಕಿ ಇಟ್ಟವಲ್ಲ!" ಎಂದು ಅದು ಗೋಳಾಡಿತು.

"ಬೆಂಕಿ ನಮ್ಮದು ತಾಯಿ," ಎಂದಿತು ಓಡಿಬಂದ ಬಿಳಿ ರಕ್ತಕಣ. "ಇಲ್ಲಿನ ಕಾವಲುಕಣ ಕೂಗು ಹಾಕಿತು. ನಾವು ಲಕ್ಷ ಮಂದಿ ಬರಬೇಕಲ್ಲ, ಅದಕ್ಕೇ ರಕ್ತನಾಳದ ಗೋಡೆ ಸಡಿಲಿಸಿ ದಾರಿ ಬಿಟ್ಟಿದ್ದಾರೆ; ಆ ನುಗ್ಗಾಟದ್ದೇ ಈ ಬಾವು, ಈ ಉರಿ. ಕೊಂಚ ತಡೆದುಕೊಳ್ಳಿ."

"ಮತ್ತೆ ವಾಪಸ್ಸು ಹೋಗುವುದು ಯಾವಾಗ?"

"ಬಂದವರು ಹೋಗುವ ಪದ್ಧತಿ ನಮ್ಮಲ್ಲಿಲ್ಲ," ಎಂದು ರಕ್ತಕಣ ಎದುರಿಗಿದ್ದ ಕೀಟಾಣುವನ್ನು ಇಡಿಯಾಗಿ ನುಂಗಿತು. ಹಿಮ್ಮಡಿ ಬೆರಗಾಗಿ ಉರಿಯನ್ನೇ ಮರೆಯಿತು.

ಮೂರನೆಯ ದಿನ ಹುಣ್ಣು ಒಡೆದು, ಸತ್ತ ಬಿಳಿ ರಕ್ತಕಣಗಳು ಕೀವಾಗಿ ಹೊರಬಂದವು, ಬಾವು ಇಳಿಯಿತು.

"ಥೂ, ಹೊಲಸು!" ಎಂದಿತು ಒರೆಸಲು ಬಂದ ಬೆರಳು.

"ಮೆಲ್ಲಗೆ ಒರೆಸಪ್ಪಾ," ಎಂದಿತು ಹಿಮ್ಮಡಿ. "ನನಗಾಗಿ ಬಂದು ಹಿಂತಿರುಗದವರು ಅವರು."