ಪ್ರವಚನ ನೋಡುತ್ತ ಜೀಪು ಓಡಿಸಿದವನು

ಹೊಳೆದಂಡೆಯ ಮಠದ ಮುರಿಗೆಪ್ಪಜ್ಜನವರು ಸಿಟ್ಟಾದದ್ದನ್ನು ಆ ಬೆಳಿಗ್ಗೆಯವರೆಗೆ ಯಾರೂ ಕಂಡಿರಲಿಲ್ಲ.

ಹಿಂದಿನ ಸಂಜೆ ಶಿಷ್ಯ ಚನ್ನವೀರ ಮಠದ ಜೀಪು ಓಡಿಸಿಕೊಂಡು ಬರುತ್ತಿದ್ದ. ಒಂದು ಕೈಯಲ್ಲಿ ಮೊಬೈಲು. ಮೇವಿನ ಹೊರೆ ಹೊತ್ತು ರಸ್ತೆ ದಾಟುತ್ತಿದ್ದ ಮುದುಕಿ ಫಕೀರವ್ವ ಅವನಿಗೆ ಕಾಣಲೇ ಇಲ್ಲ. ಜೀಪು ಬಡಿದು ಅವಳ ಸೊಂಟ ಮುರಿಯಿತು. ಜನ ಅವಳನ್ನು ಆಸ್ಪತ್ರೆಗೆ ಒಯ್ದರು. ಚನ್ನವೀರ ಹೆದರಿ ಮಠಕ್ಕೆ ಓಡಿಬಂದ.

ಬೆಳಿಗ್ಗೆ ಗುರುಗಳ ಕಾಲಿಗೆ ಬಿದ್ದು ಎಲ್ಲ ಹೇಳಿದ.

"ಯಾರ ಜೋಡಿ ಮಾತಾಡಾಕತ್ತಿದ್ದಿ?"

"ಮಾತಲ್ರೀ ಅಜ್ಜಾರ. ಮೊಬೈಲ್‌ನ್ಯಾಗ ನಿಮ್ಮ ಪ್ರವಚನಾನ ನೋಡಾಕತ್ತಿದ್ದೆ."

ಅಜ್ಜನವರ ಮುಖ ಕೆಂಪಾಯಿತು.

"ನನ್ನ ಮಾತು ಕೇಳಕೋತ ಮುದುಕಿ ಸೊಂಟ ಮುರದಿ!"

"ಎಲ್ಲಾ ಶಿವನ ಇಚ್ಛಾರೀ..."

"ಬಾಯಿ ಮುಚ್ಚು! ಗಾಡಿ ಹೊಡದಾಂವ ನೀನು. ಶಿವನ್ನ ಯಾಕ ನಡುವ ತರ್ತಿ?"

ಚನ್ನವೀರ ಎದ್ದ. ಮೊಬೈಲು ತೆಗೆದು ಹೊಳೆಗೆ ಎಸೆಯಲು ಕೈ ಎತ್ತಿದ. ಅಜ್ಜನವರು ಅವನ ಮಣಿಕಟ್ಟು ಹಿಡಿದರು.

"ಹೊಳಿ ಏನ್ ತಪ್ಪು ಮಾಡೇತಿ? ಆ ಫೋನು ತಾನ ಎದ್ದು ನಿನ್ನ ಕೈಯಾಗ ಬಂದು ಕುಂತಿತ್ತೇನು?"

"ಹಂಗಾರ ಮೌನ ಹಿಡೀತೀನ್ರಿ. ಉಪವಾಸ ಇರ್ತೀನಿ."

"ನೀ ಉಪವಾಸ ಇದ್ರ ಅಕಿ ಎದ್ದು ನಡೀತಾಳೇನು? ಮನ್ಯಾಗ ಬ್ಯಾರೆ ಯಾರೂ ಇಲ್ಲ, ಅಕಿ ಎಮ್ಮಿ ನಿನ್ನೆಯಿಂದ ಉಪವಾಸ ಐತಿ, ಗೊತ್ತೈತೇನು ನಿನಗ?"

ಗೊತ್ತಿರಲಿಲ್ಲ. ಅವಳಿಗೆ ಎಮ್ಮೆ ಇರುವುದೂ ಗೊತ್ತಿರಲಿಲ್ಲ.

ಅಜ್ಜನವರು ಕುಡುಗೋಲು ಹಿಡಿದು ದಂಡೆಗೆ ಇಳಿದರು. ಚನ್ನವೀರ ಅದನ್ನು ಇಸಿದುಕೊಳ್ಳಲು ಹೋದ. ಕೊಡಲಿಲ್ಲ. ತಾವೇ ಹುಲ್ಲು ಕೊಯ್ದು ಅವನ ತಲೆಯ ಮೇಲೆ ಹೊರಿಸಿದರು. ಫಕೀರವ್ವನ ಹಿತ್ತಲಲ್ಲಿ ಎಮ್ಮೆ ಹಗ್ಗ ಜಗ್ಗಿ ಜಗ್ಗಿ ಕೊರಳು ಕೆಂಪಗೆ ಮಾಡಿಕೊಂಡಿತ್ತು. ಇಬ್ಬರೂ ಅದಕ್ಕೆ ಹುಲ್ಲು ಹಾಕಿ, ನೀರು ಕುಡಿಸಿದರು.

"ಅಕಿ ಎದ್ದು ಬರೂತನಕ ಈ ಕೆಲಸ ನಿಂದು. ಎದ್ದು ಬರಲಿಲ್ಲಂದ್ರ, ನಿನ್ನ ಜೀವ ಇರೂತನಕ. ನಡಿ ಈಗ."

ಇಬ್ಬರೂ ಆಸ್ಪತ್ರೆಗೆ ಹೋದರು. ಒಳಗೆ ಫಕೀರವ್ವ ನೋವಿಗೆ ನರಳುವುದು ಬಾಗಿಲಿಗೇ ಕೇಳುತ್ತಿತ್ತು. ಚನ್ನವೀರ ಅಲ್ಲೇ ನಿಂತ. ತಲೆ ತಗ್ಗಿಸಿದ.

"ಅಜ್ಜಾರ, ಒಳಗ ಹೋಗಿ ಏನಂತ ಹೇಳ್ಲಿ?"

ಅಜ್ಜನವರ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಏನೂ ಹೇಳಬ್ಯಾಡ. ನಿನ್ನೆ ನೋಡಲಿಲ್ಲ. ಇವತ್ತರ ಕಣ್ಣೆತ್ತಿ ಅಕಿ ಮಾರಿ ನೋಡು."